ನಟ್ಟಿಗೆ ಇನ್ನೊಂದು ಸುತ್ತು

“ಗುರುಗಳೇ, ನಾನು ಯಾರ ಕೆಲಸವನ್ನೂ ಕೆಡಿಸಿದವನಲ್ಲ. ಜೊತೆಯವರು ಮಾಡಿದ್ದನ್ನು ಒಂದು ಸಲ ನೋಡಿ, ತಪ್ಪಿದ್ದರೆ ತಿದ್ದುತ್ತೇನೆ, ಅಷ್ಟೇ. ಹಾಗಿದ್ದೂ ನನ್ನ ಜೊತೆ ಕೆಲಸಕ್ಕೆ ಯಾರೂ ನಿಲ್ಲುವುದಿಲ್ಲವಲ್ಲ, ಏಕೆ?”

ಕೇಳಿದವನು ಚನ್ನಮಲ್ಲ, ಮಠದ ಅಡುಗೆಮನೆಯ ಉಸ್ತುವಾರಿ ಹೊತ್ತ ಶಿಷ್ಯ. ಅಂದು ಬೆಳಿಗ್ಗೆಯಷ್ಟೇ ಇಬ್ಬರು ಅವನ ಕೈಕೆಳಗಿನ ಕೆಲಸ ಬೇಡವೆಂದು ಹೊರಟುಹೋಗಿದ್ದರು.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. “ನಿನಗೊಂದು ಕಾರಿನ ಕತೆ ಹೇಳುತ್ತೇನೆ ಕೇಳು,” ಎಂದರು. ಕಾರು ಎನ್ನುವಾಗಲೇ ಅವರ ಮುಖ ಅರಳಿತ್ತು.

ಒಂದೂರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಅವನ ಹತ್ತಿರ ಒಂದು ಹಳೆಯ ಕಾರಿತ್ತು. ಅಂತಿಂಥ ಹಳೆಯದಲ್ಲ, ಮೂತಿಗೆ ಹ್ಯಾಂಡಲ್ ತೂರಿಸಿ ತಿರುಗಿಸಿದರೆ ಮಾತ್ರ ಎಂಜಿನ್ ಬಾಯಿಬಿಡುವಂಥದ್ದು. ಗುಜರಿಗೆ ಹೋಗಬೇಕಾದುದನ್ನು ಅವನು ಮನೆಗೆ ಎಳೆಸಿಕೊಂಡು ಬಂದಿದ್ದ. ಮೊದಲು ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ಮರುಳಾದರು. ಭಾನುವಾರ ಬಂತೆಂದರೆ ತಿಂಡಿಯ ತಟ್ಟೆ ತೊಳೆಯುವ ಮೊದಲೇ ಮನೆಯವರೆಲ್ಲ ಶೆಡ್ಡಿನಲ್ಲಿರುತ್ತಿದ್ದರು. ಹೆಂಡತಿ ಸೀಟು ಹೊಲಿದಳು. ಮುದುಕಿ ತಾಯಿ ಕಾರಿನ ಹಿತ್ತಾಳೆ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಮಗಳು ಶಾಂಭವಿ ನಟ್ಟುಬೋಲ್ಟಿನ ಕೆಲಸ ಕಲಿತು ಮೊಣಕೈವರೆಗೆ ಮಸಿ ಮಾಡಿಕೊಂಡಳು. ಹೀಗೆ ಆರು ವರ್ಷ. ಮೊದಲ ಸಲ ಎಂಜಿನ್ ಗುಡುಗಿದ ದಿನ ಆ ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಣಿದೇಬಿಟ್ಟಳಂತೆ! ನನಗಂತೂ ಅದನ್ನು ನೋಡಲಿಲ್ಲವಲ್ಲ ಎಂಬ ಹೊಟ್ಟೆಯುರಿ ಈಗಲೂ ಇದೆ.

ಆದರೆ ವ್ಯಾಪಾರಿಗೆ ಒಂದು ಗುಟ್ಟಿನ ಚಾಳಿಯಿತ್ತು. ಸೋಮವಾರ ಬೆಳಿಗ್ಗೆ, ಅಂಗಡಿಗೆ ಹೋಗುವ ಮೊದಲು, ಒಬ್ಬನೇ ಶೆಡ್ಡಿಗೆ ಹೋಗುತ್ತಿದ್ದ. ತಾಯಿ ತಿಕ್ಕಿದ ದೀಪಗಳನ್ನು ಅಂಗಡಿಯ ಪಾಲಿಷ್ ಹಾಕಿ ಮತ್ತೆ ತಿಕ್ಕುತ್ತಿದ್ದ. ಹೆಂಡತಿ ಹಾಕಿದ ಹೊಲಿಗೆಯನ್ನು ಬಿಚ್ಚಿ ದರ್ಜಿಯಿಂದ ಹೊಲಿಸಿದ್ದ. ಮಗಳು ಬಿಗಿದ ಪ್ರತಿಯೊಂದು ನಟ್ಟಿಗೂ ಇನ್ನೊಂದು ಸುತ್ತು ಕೊಡುತ್ತಿದ್ದ. ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ಅವರ ಮನಸ್ಸು ನೋಯುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ.

ಹಳೆಯ ಕಾರುಗಳ ಮೆರವಣಿಗೆಯ ದಿನ ಬಂತು. ಹತ್ತು ಗಂಟೆಗೆ ಹೊರಟು, ಊರಾಚೆಯ ಗುಡ್ಡ ಹತ್ತಿ, ಆಚೆ ಬದಿಗೆ ಇಳಿಯಬೇಕು. ಮನೆಯಲ್ಲಿ ಮದುವೆಮನೆಯಂಥ ಸಡಗರ. ಶಾಂಭವಿ ಬೆಳಿಗ್ಗೆಯೇ ನಾಲ್ಕೂ ಚಕ್ರಗಳ ನಟ್ಟು ಬಿಗಿದು, ಸೀರೆ ಉಡಲು ಒಳಗೆ ಹೋದಳು. ವ್ಯಾಪಾರಿಯ ಕೈ ಸುಮ್ಮನಿರಲಿಲ್ಲ. ಸ್ಪ್ಯಾನರ್ ತೆಗೆದುಕೊಂಡು ಮುಂದಿನ ಚಕ್ರದ ನಟ್ಟಿಗೆ ಇನ್ನೊಂದು ಸುತ್ತು ಕೊಟ್ಟ. ಮೊದಲೇ ಬಿಗಿಯಾಗಿದ್ದ ಹಳೆಯ ಬೋಲ್ಟು ಟಣ್ಣೆಂದು ಮುರಿಯಿತು.

ತಾಯಿ, ಅಜ್ಜಿಯರ ಜೊತೆ ಹೂವಿನ ಹಾರ ಹಿಡಿದು ಬಂದ ಮಗಳು ನೋಡಿದಳು. “ಅಪ್ಪಾ, ಅದನ್ನ ನಾನು ಬಿಗಿ ಮಾಡಿದ್ನಲ್ಲ?”

“ಸುಮ್ನೆ ಒಂದ್ಸಲ ನೋಡಿದೆ ಮಗಳೇ.”

“ಇವತ್ತೊಂದಿನಾನಾ, ಯಾವಾಗ್ಲೂನಾ?”

ಅವನಿಗೆ ಸುಳ್ಳು ಹೇಳಲು ಬರಲಿಲ್ಲ. ದೀಪದ ವಿಷಯ, ಹೊಲಿಗೆಯ ವಿಷಯ, ಆರು ವರ್ಷದ್ದೆಲ್ಲ ಒಂದೊಂದಾಗಿ ಹೊರಗೆ ಬಂತು. ಹೆಂಡತಿ ತಾನು ಹೊಲಿದ ಸೀಟೆಂದು ಹೆಮ್ಮೆಯಿಂದ ಸವರುತ್ತಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಶಾಂಭವಿ ಹಾರವನ್ನು ನೆಲದ ಮೇಲಿಟ್ಟಳು.

“ಕಾರು ನಿಮ್ಮೊಬ್ರದೇ ಅಂತ ಮೊದ್ಲೇ ಹೇಳ್ಬಾರ್ದಿತ್ತಾ ಅಪ್ಪಾ? ನಾವು ಇಷ್ಟು ದಿನ ಆಟ ಆಡ್ತಿದ್ವಿ ಅನ್ನಿ,” ಎಂದವಳೇ ಮನೆಯ ಕಡೆ ತಿರುಗಿದಳು. ಹೆಂಡತಿಯೂ ಅವಳ ಹಿಂದೆ ಹೆಜ್ಜೆ ಹಾಕಿದಳು.

ಮೆರವಣಿಗೆ ತಪ್ಪಿದರೆ ಮುಂದಿನ ವರ್ಷ ಇನ್ನೊಂದು ಬರುತ್ತದೆ. ಈ ಶೆಡ್ಡಿಗೆ ಇವರು ಇನ್ನು ಬರಲಾರರು ಎಂದು ವ್ಯಾಪಾರಿಗೆ ಗೊತ್ತಾಯಿತು.

“ನಿಲ್ಲಮ್ಮಾ,” ಎಂದು ಕೂಗಿದ. “ಪೆಟ್ಟಿಗೇಲಿ ಬೇರೆ ಬೋಲ್ಟಿದೆ. ನೀನೇ ಹಾಕು. ನಾನು ಮುಟ್ಟಲ್ಲ.”

“ಮುಟ್ಟಲ್ಲ ಅಂದ್ಮೇಲೆ ನೋಡ್ಲೂಬೇಡ. ಗೋಡೆ ಕಡೆ ತಿರುಗಿ ಕೂತ್ಕೋ,” ಎಂದಳು ಮುದುಕಿ.

ಐವತ್ತು ದಾಟಿದ ಗಂಡಸು, ಊರಿಗೆಲ್ಲ ಪಾತ್ರೆ ಮಾರುವವನು, ಗೋಡೆಗೆ ಮುಖ ಮಾಡಿ ಕೂತ! ಒಂಬತ್ತೂಕಾಲಾಗಿತ್ತು. ಬೆನ್ನ ಹಿಂದೆ ಜ್ಯಾಕ್ ಕಿರುಗುಟ್ಟಿತು. ಚಕ್ರ ಕಳಚಿ ಉರುಳಿದ ಸದ್ದಾಯಿತು. ಸುತ್ತಿಗೆಯ ಏಟು ಬಿತ್ತು, ಇನ್ನೊಂದು ಬಿತ್ತು, ಮೂರನೆಯದು ಜಾರಿ ಎಲ್ಲಿಗೋ ತಗುಲಿತು. ಅವನು ಅರ್ಧ ಎದ್ದ. “ಹೂಂ!” ಎಂದಳು ತಾಯಿ. ಕೂತ. ಸೊಸೆಯೂ ಅತ್ತೆಯೂ ಸೇರಿ ಏನನ್ನೋ ಎತ್ತಿಹಿಡಿದರು, ಬಿಡಬೇಡಿ, ಬಿಡಬೇಡಿ ಎಂದು ಶಾಂಭವಿ ಕಿರುಚಿದಳು, ಯಾರೋ ನಕ್ಕರು. ಒಂಬತ್ತೂ ಮುಕ್ಕಾಲು. ಅವನ ಬೆನ್ನು ಬೆವರಿನಿಂದ ತೊಯ್ದುಹೋಗಿತ್ತು. ಆರು ವರ್ಷದಲ್ಲಿ ಅವನು ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ.

ಕೊನೆಗೆ ಮಗಳು ಎದುರಿಗೆ ಬಂದು ಸ್ಪ್ಯಾನರ್ ಚಾಚಿದಳು. ಹೊಸ ಸೀರೆಯ ತುಂಬ ಮಸಿ. “ಆಯ್ತು. ಬೇಕಾದ್ರೆ ನೋಡ್ಕೊಳ್ಳಿ ಅಪ್ಪಾ.”

ಮೂವರೂ ಅವನ ಕೈಯನ್ನೇ ನೋಡುತ್ತಿದ್ದರು. ಅವನು ಸ್ಪ್ಯಾನರ್ ತೆಗೆದುಕೊಂಡ. ಚಕ್ರದ ಹತ್ತಿರ ಹೋದ. ಅಲ್ಲಿಂದ ಮುಂದಕ್ಕೆ ನಡೆದು, ಸ್ಪ್ಯಾನರನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದ.

“ಹೊತ್ತಾಯ್ತು, ಹತ್ತಿ,” ಎಂದ.

ಹ್ಯಾಂಡಲ್ ತಿರುಗಿತು, ಎಂಜಿನ್ ಗುಡುಗಿತು! ಶಾಂಭವಿ ಸ್ಟೀರಿಂಗ್ ಹಿಡಿದಳು. ವ್ಯಾಪಾರಿ ಹಿಂದಿನ ಸೀಟಿನಲ್ಲಿ ತಾಯಿಯ ಪಕ್ಕ ಕೂತ. ಊರ ಜನ ರಸ್ತೆಯ ಎರಡೂ ಬದಿಗೆ ನಿಂತು ಕೇಕೆ ಹಾಕಿದರು. ಕಾರು ಗುಡ್ಡ ಹತ್ತಿತು, ನೆತ್ತಿ ಮುಟ್ಟಿತು, ಇಳಿಜಾರಿಗೆ ಹೊರಳಿತು. ವೇಗ ಏರಿತು. ಮುದುಕಿ ಸಂತೋಷಕ್ಕೆ ಎರಡೂ ಕೈ ಮೇಲೆತ್ತಿದಳು. ಮಗನೂ ಎತ್ತಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚನ್ನಮಲ್ಲ ಕಾದ. ಕಾಯಲಾಗದೆ ಮುಂದಕ್ಕೆ ಬಾಗಿದ.

“ಆಮೇಲೆ ಗುರುಗಳೇ? ಆ ಚಕ್ರ ಗಟ್ಟಿಯಾಗಿತ್ತು ತಾನೆ?”

ಗುರುಗಳು ನಕ್ಕರು. “ಅವನು ಒಳಗಿಟ್ಟ ಸ್ಪ್ಯಾನರನ್ನು ನೀನು ಹೊರಗೆ ತೆಗೆದೆಯಲ್ಲಪ್ಪ.”