ತವರಿಗೆ ಮರಳಿದ ಇರುವೆ

ಬೆಲ್ಲದ ಮೂಟೆಯಲ್ಲಿ ಸಿಕ್ಕಿಕೊಂಡು ಹಡಗೇರಿ ಪರದೇಶ ಸೇರಿದ್ದ ಇರುವೆಯೊಬ್ಬಳು, ಅಲ್ಲಿನ ಗೂಡಿನಲ್ಲಿ ದುಡಿದು ಸವೆದು, ಕೊನೆಗೊಮ್ಮೆ ಸಕ್ಕರೆಯ ಹರಳೊಂದನ್ನು ಹೊತ್ತು ತವರಿಗೆ ಮರಳಿದಳು. ಬಾಗಿಲಲ್ಲಿ ಕಾವಲಿದ್ದ ತಂಗಿ ಮೀಸೆ ಚಾಚಿ ಮೂಸಿದಳು.

“ಯಾರು ನೀನು? ನಿನ್ನ ಮೈಯಲ್ಲಿ ನಮ್ಮ ವಾಸನೆಯಿಲ್ಲ.”

“ನಾನು ನಿನ್ನ ಅಕ್ಕ ಕಣೇ! ಈ ಗೂಡಿನ ವಾಸನೆ ಹೋಗಲಿಲ್ಲವೆಂದೇ ಅಲ್ಲಿಯವರು ನನ್ನನ್ನು ಕೊನೆಯವರೆಗೂ ಹೊಸಿಲಾಚೆ ಮಲಗಿಸಿದರು.”

“ಇದ್ದೀತು. ಆದರೆ ಗೂಡಿನ ಕಟ್ಟಳೆಯನ್ನು ನಾನು ಮೀರಲಾರೆ. ಹೊತ್ತು ತಂದದ್ದನ್ನು ಮೊದಲು ಇಳಿಸು.”

ಅಕ್ಕ ನಂಬಿ ಇಳಿಸಿದಳು. ತಂಗಿ ಹರಳನ್ನು ಮೂಸಿಯೂ ನೋಡದೆ ಒಳಗೆಳೆದುಕೊಂಡು, ಮಣ್ಣು ಸರಿಸಿ ಬಾಗಿಲು ಮುಚ್ಚಿಕೊಂಡಳು. ಹೊರಗುಳಿದ ಅಕ್ಕ, ತವರಿನ ವಾಸನೆ ಮತ್ತೆ ಹತ್ತೀತೆಂಬ ಆಸೆಯಿಂದ ಆ ಮಣ್ಣಿಗೇ ಮೈ ಉಜ್ಜತೊಡಗಿದಳು. ಕಾಲು ಮುರಿದರೂ ಉಜ್ಜುವುದನ್ನು ನಿಲ್ಲಿಸಲಿಲ್ಲ.