ದೇಸಾಯರ ಎಂಬತ್ತನೇ ವರ್ಷ

ಅರವತ್ತು ತುಂಬಿದ ದಿನವೇ ದೇಸಾಯರು ತಮ್ಮ ಮುಪ್ಪಿನ ಏರ್ಪಾಡು ಮುಗಿಸಿಬಿಟ್ಟರು. ತೂಗುಮಂಚದ ಮೇಲೆ ಕೂತು ಆಳನ್ನು ಕರೆದರು.

"ಕೆಲಸ ಬಿಟ್ಟು ಮಗಳ ಊರಿಗೆ ಹೊಂಟೀಯಂತ? ಆಗೂದಿಲ್ಲ. ಎಂಬತ್ತರಾಗ ನನ್ನ ಎತ್ತಿ ಬಚ್ಚಲಕ್ಕ ಒಯ್ಯಾವ ನೀನ. ಕಡೀಕ ನನ್ನ ಹೆಣಕ್ಕ ಹೆಗಲು ಕೊಡಾವನೂ ನೀನ. ಈ ಕಾಗದಕ್ಕ ಹೆಬ್ಬೆಟ್ಟು ಒತ್ತು."

ಆಳಿಗೆ ಆಗಲೇ ಅರವತ್ತೆರಡು. ಮೊಣಕಾಲು ಸವೆದಿದ್ದವು. ಮಗಳ ಮನೆಯ ಬೇವಿನ ನೆರಳಲ್ಲಿ ಕಾಲು ಚಾಚಿ ಕೂರುವುದೊಂದೇ ಅವನ ಆಸೆ. ಆದರೂ ಅವನು ಇಲ್ಲ ಅನ್ನಲಿಲ್ಲ. ಮೆಲ್ಲಗೆ ಮಂಚ ತೂಗುತ್ತ ಹೇಳಿದ:

"ನಿನ್ನೆ ರಾತ್ರಿ ನನಗ ಹಿಂಗ ಒಂದು ಕನಸು ಬಿತ್ರಿ, ಧಣ್ಯಾರ. ನಿಮಗ ಎಂಬತ್ತು. ಬಚ್ಚಲದ ತುಂಬ ಹಬೆ, ಮೋಡದಾಗ ತೇಲಿದಂಗ. ನಿಮ್ಮನ್ನ ಎತ್ತಿದೆ."

"ಭೇಷ್!" ದೇಸಾಯರು ಸುಖವಾಗಿ ಕಣ್ಣು ಮುಚ್ಚಿದರು.

"ಆದರ ನನಗೂ ಎಂಬತ್ತೆರಡು ಆಗಿತ್ರಿ. ಇಬ್ಬರೂ ಬಿದ್ವಿ. ಭಾಳ ಹೊತ್ತು ಹಂಗ ಮಲಗಿದ್ವಿ. ಬೆಳಕಿಂಡಿಯಾಗ ಒಂದು ಗುಬ್ಬಿ ಕೂತು ನಮ್ಮನ್ನ ನೋಡ್ತಿತ್ತು."

ತೂಗುಮಂಚ ನಿಂತಿತು. "ಆಮ್ಯಾಲೆ? ಎತ್ತಿದವರು ಯಾರು?"

"ಅಷ್ಟರಾಗ ನನಗ ಎಚ್ಚರಾತು, ಧಣ್ಯಾರ. ನೀವು ಇನ್ನೂ ಅಲ್ಲೇ ಬಿದ್ದೀರಿ."

ದೇಸಾಯರು ಕಾಗದ ಹರಿದು, ಆಳನ್ನು ಅವನ ಮಗಳ ಊರಿಗೆ ಕಳಿಸಲು ತಾವೇ ಗಾಡಿ ಕಟ್ಟಿಸಿದರು. ಗಾಡಿ ಹೊರಡುವಾಗ ಓಡಿಬಂದು ಆಳಿನ ಕಿವಿಯಲ್ಲಿ ಹೇಳಿದರು:

"ಇವತ್ತು ಬೇಗ ಮಲಗು. ಆ ಕನಸಿಗೆ ಹೋಗುವಾಗ ನಿನ್ನ ಅಳಿಯನನ್ನೂ ಕರಕೊಂಡು ಹೋಗಪಾ. ನಿನ್ನೊಬ್ಬನ ಕೈಲೆ ನಾ ಏಳೂದಿಲ್ಲ."