ದ್ಯಾವಣ್ಣ ದೀಪ ಗುರುತು ಹಿಡಿದದ್ದು

ಕೇಳ್ರಪ್ಪಾ, ದೊಡ್ಡತಾಯಮ್ಮನ ಪಾಡನ್ನ. ಗಂಡ ಪುಟ್ಟಮಾದಯ್ಯ ಪುರಸಭೇಲಿ ಬೀದಿದೀಪ ಹಾಕೋನು. ಕಿತ್ತು ಬಿಸಾಕಿದ ಹಳೇ ದೀಪಾನೆಲ್ಲ, ಸೋಡಿಯಂದು, ಪಾದರಸದ್ದು, ನಿಯಾನಿಂದು, ಮನೆ ತುಂಬ ಕೂಡಿಟ್ಟು ಕಣ್ಣು ಮುಚ್ಚಿದ. ಕಾಲೇಜಿನ ಪ್ರಿನ್ಸಿಪಾಲರು ವಾರಿಜಾಕ್ಷಿ ಮೇಡಂ ಹೇಳಿ ಕಳಿಸಿದ್ರು: "ಯಜಮಾನರ ಹೆಸರಲ್ಲೇ ಒಂದು ಕೋಣೆ ಮಾಡಿ ಆ ದೀಪ ಎಲ್ಲ ಇಡ್ತೀವಿ. ಯಾವುದು ಯಾವ ದೀಪ ಅಂತ ಗುರುತು ಮಾಡಿಕೊಡಿ."

ಆಯಮ್ಮನಿಗೋ ಕಣ್ಣು ಮಂಜು. ಇದ್ದೋನು ಮಗ ದ್ಯಾವಣ್ಣ ಒಬ್ಬ. ಮೂವತ್ತು ವರ್ಷದ ಆಳು, ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ಆಯಮ್ಮನ ಕರ್ಮ!

"ಲೋ, ಅಟ್ಟದ ಮೇಲಿರೋ ಸೋಡಿಯಂ ದೀಪ ಇಳಿಸು. ಗಾಜು ಕಣೋ, ಎಳೇ ಮಗು ಥರ ನೋಡ್ಕೊ!"

ನೋಡ್ಕೊಂಡ. ಬಿಸಿನೀರು ಕಾಯಿಸ್ದ, ಕಡ್ಲೆಹಿಟ್ಟು ಹಚ್ಚಿ ತಿಕ್ಕಿ ತಿಕ್ಕಿ ಮೀಯಿಸ್ದ. ದೀಪದ ಮೇಲಿದ್ದ ಅಕ್ಷರ ಎಲ್ಲಾ ಬಚ್ಚಲಿಗೆ ಹೋಯ್ತು!

"ಅಯ್ಯೋ ಹಾಳಾದೋನೆ! ಅಕ್ಷರ ನೋಡಿಯಲ್ವೇನೋ ಗುರುತು ಹಿಡಿಯೋದು! ನೀರು ಮುಟ್ಟಿಸ್ಬೇಡ. ಅಲ್ಲಿ ಏನು ಬರೆದೈತೋ ಅದನ್ನ ಹಂಗೇ ಚೀಟೀಲಿ ಬರೆದು ಅಂಟಿಸು!"

ಮಾರನೇ ದಿನ, ಮನೇಲಿ ಹಿಡಿಸದೆ ಅಪ್ಪ ಹಳೇ ಅಕ್ಕಿ ಗಿರಣೀಲಿ ಇಟ್ಟಿದ್ದ ಪಾದರಸದ ದೀಪ ತಂದ. ಚೀಟಿ ಅಂಟಿಸಿದ್ದ. ಪಕ್ಕದ ಮನೆಯಾಕೆ ಓದಿ ಹೇಳಿದ್ಲು: "ಇಲ್ಲಿ ಉಗುಳಬಾರದು."

"ಏನೋ ಇದು?"

"ಅಲ್ಲಿ ಬರೆದಿದ್ದು ಅದೇ ಅವ್ವಾ. ಗೋಡೆ ಮೇಲೆ, ದಪ್ಪಕ್ಷರದಲ್ಲಿ!"

ದೊಡ್ಡತಾಯಮ್ಮ ಹಣೆ ಹಣೆ ಚಚ್ಚಿಕೊಂಡ್ಲು. "ನೀನು ಓದಿದ್ದು ಸಾಕು! ದೀಪ ಹಚ್ಚಿ, ಬಣ್ಣ ನೋಡಿ ಹೇಳು. ಹಳದಿ ಆದ್ರೆ ಸೋಡಿಯಂ, ಕೆಂಪಾದ್ರೆ ನಿಯಾನು, ನೀಲಿ ಹಸಿರು ಆದ್ರೆ ಪಾದರಸ. ತಿಳೀತಾ?"

"ತಿಳೀತವ್ವಾ!"

ಮೂರನೇ ದಿನ ಮೇಡಮ್ಮೇ ಬಂದ್ರು. ಹಳದಿ ಸೀರೆ ಉಟ್ಟಿದ್ರು.

"ಅವ್ವಾ! ಬಾಗಿಲಿಗೆ ಸೋಡಿಯಂ ಬಂದೈತೆ!"

ಮೇಡಂ ಮುಖ ಕೆಂಪಾಯ್ತು.

"ಅಲ್ಲಲ್ಲ, ನಿಯಾನು!"

ದೊಡ್ಡತಾಯಮ್ಮ ಓಡಿ ಬಂದು ಕೈ ಮುಗಿದು, ತಪ್ಪಾಯ್ತು ಅಂತ ಒಳಗೆ ಕೂರಿಸಿ, ಪಾದರಸದ ದೀಪ ಹಚ್ಚಿ ತೋರಿಸಿದ್ಲು. ಮೊದಲು ಮಿಣುಕು, ಆಮೇಲೆ ನಿಧಾನಕ್ಕೆ ಬೆಳ್ಳಂಬೆಳಕು. ಅಷ್ಟರಲ್ಲಿ ಕರೆಂಟು ಹೋಗಿ ಬಂತು. ದೀಪ ಹತ್ತಲಿಲ್ಲ. ದ್ಯಾವಣ್ಣ ದೀಪಕ್ಕೆ ಕೈ ಹಾಕಿದ.

"ಮುಟ್ಟಬೇಡ್ವೋ! ಬಿಸಿ ಇರುವಾಗ ಆರಿದ್ರೆ ಮತ್ತೆ ಹತ್ತಲ್ಲ. ಹತ್ತು ನಿಮಿಷ ಸುಮ್ನೆ ಬಿಡು. ತಣ್ಣಗಾದ್ಮೇಲೆ ತಾನೇ ಹತ್ಕೊಳ್ಳತ್ತೆ."

ಹಂಗೇ ಆಯ್ತು. ಮೇಡಂ ಸಿಟ್ಟು ಮರೆತು ಚಪ್ಪಾಳೆ ತಟ್ಟಿ, ದೀಪಾನೆಲ್ಲ ತಗೊಳ್ಳಕ್ಕೆ ಒಪ್ಪಿಕೊಂಡ್ರು. ಗಂಡನ ಹೆಸರು ಉಳೀತಲ್ಲ ಅಂತ ಆಯಮ್ಮ ಸೆರಗಲ್ಲಿ ಕಣ್ಣೊರೆಸ್ಕೊಂಡ್ಲು.

ಕೋಣೆ ತೆರೆಯೋ ದಿನ ಸಭೆ ತುಂಬ ಜನ. ಮೇಡಂ ಬಿಸಿಲಲ್ಲಿ ನಿಂತು ಭಾಷಣ ಮಾಡಿ ಮಾಡಿ, ಗಂಟಲು ಒಣಗಿ, ಒಂದು ಗಳಿಗೆ ನಿಲ್ಲಿಸಿದ್ರು. ದ್ಯಾವಣ್ಣ ಒಂದೇ ನೆಗೆತಕ್ಕೆ ವೇದಿಕೆ ಹತ್ತಿ ಅವರ ಹಣೆ ಮುಟ್ಟಿ ನೋಡ್ದ. ಸುಡ್ತಿತ್ತು. ಮೈಕು ಕಿತ್ಕೊಂಡ.

"ಯಾರೂ ಮುಟ್ಟಬೇಡ್ರಪ್ಪೋ! ಮೇಡಂ ಆರಿಹೋದ್ರು! ಹತ್ತು ನಿಮಿಷ ಸುಮ್ನೆ ಬಿಡಿ, ತಣ್ಣಗಾದ್ಮೇಲೆ ತಾವೇ ಹತ್ಕೋತಾರೆ!"